ಡಬ್ಲಿನ್ ಕ್ಯಾಸಲ್‌ಗೆ ಬಂದ ಬಿನ್ನಹಗಳು: ಬಡವರ ಮಾತು ಅವುಗಳಲ್ಲಿ ಎಷ್ಟಿದೆ?

ಪ್ರಶ್ನೆ: ಐರ್ಲೆಂಡಿನ ರಾಷ್ಟ್ರೀಯ ಪತ್ರಾಗಾರದ ಸೂಚಿಯಲ್ಲಿ 1820ರ ಸುಮಾರಿನ ಅರ್ಜಿಗಳನ್ನು ನೋಡುತ್ತಿದ್ದೆ. ಕೈದಿಗಳು, ವಿಧವೆಯರು, ಕೆಲಸ ಕಳೆದುಕೊಂಡ ಸೈನಿಕರು ಎಲ್ಲರೂ ಒಂದೇ ಧಾಟಿಯಲ್ಲಿ, ಕಾಲಿಗೆ ಬೀಳುವ ಭಾಷೆಯಲ್ಲಿ ಬರೆದಿದ್ದಾರೆ. ಓದುಬರಹ ಬಾರದ ಜನ ಇವನ್ನು ಬರೆಸಿದ್ದು ಹೇಗೆ? ಅಧಿಕಾರಿಗಳು ನಿಜವಾಗಿ ಓದುತ್ತಿದ್ದರೇ? ಇವನ್ನು ಬಡವರ ಮಾತು ಎಂದು ನಂಬಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ: ನಂಬಬಹುದು. ಆದರೆ ಕಾಗದದ ಮುಂಭಾಗವನ್ನು ಮಾತ್ರ ಓದಿದರೆ ಅರ್ಧ ಮಾತ್ರ ಸಿಗುತ್ತದೆ. ಹಿಂಭಾಗದಲ್ಲಿ ಗುಮಾಸ್ತರು, ಕಾರ್ಯದರ್ಶಿಗಳು ಗೀಚಿದ ಷರಾಗಳಿರುತ್ತವೆ. ಮುಂದೆ ಬೇಡಿಕೆ, ಹಿಂದೆ ಅದರ ಹಣೆಬರಹ. ಎರಡನ್ನೂ ಕೂಡಿಸಿ ಓದಿದಾಗ, ಅಂದಿನ ಐರಿಷ್ ಬಡವರು ಸರ್ಕಾರ ಎನ್ನುವುದನ್ನು ಎಷ್ಟು ಚೆನ್ನಾಗಿ ಅರ್ಥಮಾಡಿಕೊಂಡಿದ್ದರು ಎಂಬುದು ತಿಳಿಯುತ್ತದೆ. ಆ ಧಾಟಿಯನ್ನು ದೈನ್ಯ ಎಂದಷ್ಟೇ ನೋಡುವವರ ಬಗ್ಗೆ ನನಗೆ ತಕರಾರಿದೆ. ಕಾರಣ ಮುಂದೆ ಹೇಳುತ್ತೇನೆ.

ಮೊದಲು, ಈ ಕಾಗದಗಳೆಲ್ಲ ಡಬ್ಲಿನ್ ಕ್ಯಾಸಲ್‌ಗೇ, ಅಂದರೆ ಐರ್ಲೆಂಡಿನ ಆಡಳಿತ ಕಚೇರಿಗಳಿದ್ದ ಕೋಟೆಗೇ, ಯಾಕೆ ಬರುತ್ತಿದ್ದವು ಎಂಬುದು. 1801ರಲ್ಲಿ ಐರ್ಲೆಂಡು ಬ್ರಿಟನ್ನಿನೊಡನೆ ವಿಲೀನವಾಯಿತು, ಡಬ್ಲಿನ್ನಿನಲ್ಲಿದ್ದ ಸಂಸತ್ತು ಮುಚ್ಚಿತು. ಶಾಸನ ಮಾಡುವ ಜಾಗ ಲಂಡನ್ನಿಗೆ ಹೋದರೂ ಆಡಳಿತ ಮಾತ್ರ ಡಬ್ಲಿನ್ನಿನಲ್ಲೇ ಉಳಿಯಿತು. ಮೇಲೆ ರಾಜಪ್ರತಿನಿಧಿಯಾದ ಲಾರ್ಡ್ ಲೆಫ್ಟಿನೆಂಟ್, ಅವನ ಕೆಳಗೆ ಮುಖ್ಯ ಕಾರ್ಯದರ್ಶಿ. ಈ ಮುಖ್ಯ ಕಾರ್ಯದರ್ಶಿ ಸಂಸತ್ತಿನ ಸದಸ್ಯನೂ ಆಗಿದ್ದರಿಂದ ವರ್ಷದ ಬಹುಭಾಗ ಲಂಡನ್ನಿನಲ್ಲಿರುತ್ತಿದ್ದ. ರಾಬರ್ಟ್ ಪೀಲ್ 1812ರಿಂದ 1818ರ ವರೆಗೆ ಆ ಹುದ್ದೆಯಲ್ಲಿದ್ದ, ಅವನ ನಂತರ ಚಾರ್ಲ್ಸ್ ಗ್ರಾಂಟ್, 1821ರ ಕೊನೆಯಿಂದ ಹೆನ್ರಿ ಗೂಲ್‌ಬರ್ನ್. ಇವರು ಬಂದು ಹೋಗುತ್ತಿದ್ದಂತೆ ದಫ್ತರವನ್ನು ದಿನನಿತ್ಯ ನಡೆಸಿದವನು ಅಧೀನ ಕಾರ್ಯದರ್ಶಿ ವಿಲಿಯಂ ಗ್ರೆಗರಿ. 1812ರಿಂದ 1831ರ ವರೆಗೆ, ಹತ್ತೊಂಬತ್ತು ವರ್ಷ ಒಬ್ಬನೇ ಆ ಕುರ್ಚಿಯಲ್ಲಿದ್ದ. ಅರ್ಜಿ ಯಾರ ಹೆಸರಿಗೆ ಬರೆದಿದ್ದರೂ ಅದು ಸಾಗುತ್ತಿದ್ದದ್ದು ಗ್ರೆಗರಿಯ ದಫ್ತರದ ಮೂಲಕ.

ಕನ್ನಡ ಓದುಗರಿಗೆ ಇಲ್ಲಿ ಒಂದು ಪರಿಚಿತ ಹೆಸರು ಎದುರಾಗುತ್ತದೆ. 1821ರ ಡಿಸೆಂಬರಿನಲ್ಲಿ ಲಾರ್ಡ್ ಲೆಫ್ಟಿನೆಂಟ್ ಆಗಿ ಡಬ್ಲಿನ್ನಿಗೆ ಬಂದವನು ಮಾರ್ಕ್ವಿಸ್ ರಿಚರ್ಡ್ ವೆಲ್ಲೆಸ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸತ್ತಾಗ ಇಲ್ಲಿ ಗವರ್ನರ್ ಜನರಲ್ ಆಗಿದ್ದವನು ಅವನೇ. ಮೈಸೂರು ಸೀಮೆಯನ್ನು ಹಂಚಿ, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದ ಅದೇ ಮನುಷ್ಯನ ಹೆಸರಿಗೆ ಎರಡು ದಶಕಗಳ ನಂತರ ಲಿಮರಿಕ್, ಕೆರಿ, ಮೇಯೋ ಕೌಂಟಿಗಳ ಬಡ ಒಕ್ಕಲುಗಳು ಬಿನ್ನಹ ಬರೆಸುತ್ತಿದ್ದರು. ಅವನು ಹುಟ್ಟಿದ್ದೂ ಐರ್ಲೆಂಡಿನಲ್ಲೇ, 1828ರ ವರೆಗೆ ಆ ಹುದ್ದೆಯಲ್ಲಿದ್ದ.

ಈಗ ಜನ ಯಾಕೆ ಬರೆಯುತ್ತಿದ್ದರು ಎಂಬ ಮಾತು. ಇಂಗ್ಲೆಂಡಿನಲ್ಲಿ ಬಡವನೊಬ್ಬ ತನ್ನ ಪ್ಯಾರಿಷ್‌ನಿಂದ (ಒಂದು ಚರ್ಚಿನ ವ್ಯಾಪ್ತಿಯ ಊರುಗಳ ಘಟಕದಿಂದ) ಪರಿಹಾರ ಕೇಳಲು ಕಾನೂನಿತ್ತು. ಐರ್ಲೆಂಡಿನಲ್ಲಿ ಅಂಥ ಕಾನೂನು ಬಂದದ್ದು 1838ರಲ್ಲಿ. ಅಲ್ಲಿಯವರೆಗೆ ಹಸಿದವನಿಗೆ ಇದ್ದದ್ದು ನೆರೆಹೊರೆ, ಚರ್ಚು, ಮನಸ್ಸಿದ್ದರೆ ಜಮೀನ್ದಾರ. ಊರಿನ ಮ್ಯಾಜಿಸ್ಟ್ರೇಟನೂ ಬಹಳ ಕಡೆ ಜಮೀನ್ದಾರನೇ ಅಥವಾ ಅವನ ಬಂಧು. ಗೇಣಿ ಕೇಳುವವನೂ ನ್ಯಾಯ ಹೇಳುವವನೂ ಒಬ್ಬನೇ ಆದ ಊರಿನಲ್ಲಿ ದೂರದ ಡಬ್ಲಿನ್ನಿಗೆ ಬರೆಯುವುದೆಂದರೆ, ಆ ಒಬ್ಬನ ತಲೆಯ ಮೇಲಿಂದ ಹಾದು ಮಾತು ತಲುಪಿಸುವುದು. ಬರೆಯುವವರಿಗೆ ಇದು ಗೊತ್ತಿತ್ತು, ಜಮೀನ್ದಾರರಿಗೂ ಗೊತ್ತಿತ್ತು. ಕ್ಯಾಥೊಲಿಕರು 1829ರ ವರೆಗೆ ಸಂಸತ್ತಿನಲ್ಲಿ ಕೂರುವಂತಿರಲಿಲ್ಲ ಎನ್ನುವುದನ್ನೂ ಸೇರಿಸಿಕೊಳ್ಳಿ. ಪ್ರತಿನಿಧಿಯಿಲ್ಲದ ಜನಕ್ಕೆ ಬಿನ್ನಹವೇ ಪ್ರಾತಿನಿಧ್ಯ.

ಒಕ್ಕಣೆ ಒಂದೇ ಥರ ಇರುವುದು ನಿಜ. ಮೇಲೆ ಲಾರ್ಡ್ ಲೆಫ್ಟಿನೆಂಟನ ಪೂರ್ಣ ಬಿರುದಾವಳಿ. ಅದರ ಕೆಳಗೆ ಇಂಥ ಕೌಂಟಿಯ ಇಂಥ ಊರಿನ ಇಂಥವರ ವಿನಮ್ರ ಬಿನ್ನಹ ಎಂಬ ತಲೆಬರಹ. ಆಮೇಲೆ ಪ್ರತಿ ಪ್ಯಾರಾವೂ ‘ಏನೆಂದರೆ ಅರ್ಜಿದಾರನು...’ ಎಂಬಂತೆ ಶುರು. ‘ನಾನು’ ಎನ್ನುವ ಪದ ಇರುವುದಿಲ್ಲ, ಎಲ್ಲವೂ ಪ್ರಥಮ ಪುರುಷದಲ್ಲಿ. ಕೊನೆಗೆ, ಕೋರಿಕೆ ಈಡೇರಿದರೆ ಅರ್ಜಿದಾರನು ಎಂದೆಂದಿಗೂ ಪ್ರಾರ್ಥಿಸುತ್ತಿರುವನು ಎಂಬ ಮುಕ್ತಾಯ. ಈ ಚೌಕಟ್ಟು ಬಡವರಿಗಾಗಿ ಹುಟ್ಟಿದ್ದಲ್ಲ. ಪಿಂಚಣಿ ಕೇಳುವ ಶ್ರೀಮಂತ ಮನೆತನದ ವಿಧವೆ, ವರ್ಗಾವಣೆ ಕೇಳುವ ಪಾದ್ರಿ, ಬಂದರಿಗೆ ಧಕ್ಕೆ (ಹಡಗುಕಟ್ಟೆ) ಕಟ್ಟಿಕೊಡಿ ಎನ್ನುವ ವರ್ತಕರು ಎಲ್ಲರೂ ಇದೇ ಚೌಕಟ್ಟಿನಲ್ಲೇ ಬರೆದರು. ಕೂಲಿಯವನು ‘ವಿನಮ್ರ’ ಎಂದು ಬರೆದರೆ ಗುಲಾಮಗಿರಿ, ಅದನ್ನೇ ಅರ್ಲ್ ಬಿರುದಿನ ಶ್ರೀಮಂತ ಬರೆದರೆ ಶಿಷ್ಟಾಚಾರ ಎಂದು ಓದುವುದು ನ್ಯಾಯವಲ್ಲ. ಸರಿಯಾದ ಒಕ್ಕಣೆಯಲ್ಲಿ ಬಂದ ಕಾಗದವನ್ನು ದಫ್ತರವು ಬದಿಗೆ ತಳ್ಳುವುದು ಕಷ್ಟ ಎಂಬುದನ್ನು ಬಡವರು ಕಲಿತಿದ್ದರು. ನನ್ನ ತಕರಾರು ಇದೇ.

ಬರೆದವರು ಯಾರು? ಕೆಲವರು ತಾವೇ ಬರೆದಿದ್ದಾರೆ. ಸೈನ್ಯದಲ್ಲಿದ್ದವರು, ಸಣ್ಣ ವ್ಯಾಪಾರಿಗಳು, ಕಸುಬುದಾರರು ಅಷ್ಟಿಷ್ಟು ಅಕ್ಷರ ಬಲ್ಲವರಾಗಿದ್ದರು. ಆದರೆ 1841ರ ಜನಗಣತಿಯಲ್ಲೂ ಐದು ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 53 ಮಂದಿಗೆ ಓದಲೂ ಬರೆಯಲೂ ಬರುತ್ತಿರಲಿಲ್ಲ. ಪಶ್ಚಿಮ, ದಕ್ಷಿಣದ ಕೌಂಟಿಗಳಲ್ಲಿ ಮನೆಮಾತು ಐರಿಷ್, ಬಿನ್ನಹ ಹೋಗಬೇಕಾದದ್ದು ಇಂಗ್ಲಿಷಿನಲ್ಲಿ. ಅಲ್ಲಿಗೆ ಬರುವವನು ಊರಿನ ಮೇಷ್ಟ್ರು.

ಈ ಮೇಷ್ಟ್ರುಗಳ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಕ್ಯಾಥೊಲಿಕರು ಶಾಲೆ ನಡೆಸುವುದನ್ನು ಹದಿನೆಂಟನೆಯ ಶತಮಾನದ ಬಹುಕಾಲ ಕಾನೂನು ನಿಷೇಧಿಸಿತ್ತು. ಹಾಗಾಗಿ ಬೇಲಿಯ ಮರೆಯಲ್ಲಿ, ಕೊಟ್ಟಿಗೆಯಲ್ಲಿ, ಹುಲ್ಲಿನ ಜೋಪಡಿಯಲ್ಲಿ ಪಾಠ ನಡೆಯುತ್ತಿತ್ತು. ನಿಷೇಧ ಹೋದ ಮೇಲೂ ಅವಕ್ಕೆ ಬೇಲಿಶಾಲೆಗಳೆಂಬ ಹೆಸರೇ ಉಳಿಯಿತು. 1824ರಲ್ಲಿ ಸರ್ಕಾರದ ಆಯೋಗವೊಂದು ಲೆಕ್ಕ ಹಾಕಿದಾಗ ದೇಶದಲ್ಲಿ 11 ಸಾವಿರಕ್ಕೂ ಹೆಚ್ಚು ಶಾಲೆಗಳಿದ್ದವು. ಅವುಗಳಲ್ಲಿ ಬಹುಪಾಲು, ಅಪ್ಪ ಅಮ್ಮ ತಾವೇ ಶುಲ್ಕ ಕೊಟ್ಟು ನಡೆಸಿಕೊಳ್ಳುತ್ತಿದ್ದ ಇಂಥ ಸಣ್ಣ ಶಾಲೆಗಳು. ಇಲ್ಲಿ ಕಲಿಸುವವನೇ ಊರಿನವರಿಗೆ ಕಾಗದ ಬರೆದುಕೊಡುತ್ತಿದ್ದ, ಅಮೆರಿಕದಿಂದ ಬಂದ ಪತ್ರ ಓದಿಹೇಳುತ್ತಿದ್ದ, ಗೇಣಿ ಕರಾರಿನ ಅರ್ಥ ಬಿಡಿಸುತ್ತಿದ್ದ. ಬಿನ್ನಹಗಳಲ್ಲಿ ಆಗಾಗ ಸಿಗುವ ಉದ್ದುದ್ದ ಲ್ಯಾಟಿನ್ ಮೂಲದ ಪದಗಳು, ಗ್ರೀಕ್ ರೋಮನ್ ಉಪಮೆಗಳು ಇವರ ಕೈವಾಡ. ಓದುವಾಗ ಅಲಂಕಾರ ಜಾಸ್ತಿಯಾಯಿತೆನಿಸಬಹುದು. ಆದರೆ ಆ ಪದಗಳ ನಡುವೆ ಮನೆಯವಳು ಐರಿಷಿನಲ್ಲಿ ಹೇಳಿದ ಸಂಗತಿಗಳು ಹಾಗೇ ಇರುತ್ತವೆ: ಹಸು ಯಾವಾಗ ಜಪ್ತಿಯಾಯಿತು, ಎಷ್ಟು ಮಕ್ಕಳು, ಗಂಡ ಎಷ್ಟು ದಿನದಿಂದ ಜ್ವರದಲ್ಲಿ ಮಲಗಿದ್ದಾನೆ. ಕೆಳಗೆ ರುಜುವಿನ ಜಾಗದಲ್ಲಿ ಒಂದು ಅಡ್ಡಗೀಟಿನ ಗುರುತು, ಪಕ್ಕದಲ್ಲಿ ಬೇರೆ ಕೈಬರಹದಲ್ಲಿ ಹೆಸರು.

ಬೆದರಿಕೆ ಪತ್ರಗಳನ್ನು ಬರೆದುಕೊಡುವವನೂ ಅದೇ ಮೇಷ್ಟ್ರು ಎಂಬ ಗುಮಾನಿ ಸರ್ಕಾರಕ್ಕಿತ್ತು. 1821ರಲ್ಲಿ ಲಿಮರಿಕ್ ಕೌಂಟಿಯ ನ್ಯೂಕಾಸಲ್ ವೆಸ್ಟ್ ಬಳಿಯ ಕೋರ್ಟ್ನೆ ಜಮೀನಿನಲ್ಲಿ, ಜಮೀನ್ದಾರನ ಏಜೆಂಟ್ ಅಲೆಕ್ಸಾಂಡರ್ ಹಾಸ್ಕಿನ್ಸ್‌ನ ಬಿಗಿ ವಸೂಲಿಯ ವಿರುದ್ಧ ಒಕ್ಕಲುಗಳ ದಂಗೆ ಹುಟ್ಟಿತು. ಅದು ಮನ್‌ಸ್ಟರ್ ಪ್ರಾಂತವನ್ನೆಲ್ಲ ವ್ಯಾಪಿಸಿ 1824ರ ವರೆಗೆ ನಡೆಯಿತು. ‘ಕ್ಯಾಪ್ಟನ್ ರಾಕ್’ ಎಂಬ ಕಲ್ಪಿತ ನಾಯಕನ ರುಜು ಹಾಕಿದ ಬೆದರಿಕೆ ಪತ್ರಗಳು ಬಾಗಿಲುಗಳ ಮೇಲೆ ಅಂಟುತ್ತಿದ್ದವು: ಗೇಣಿ ಇಳಿಸು, ದಶಮಾಂಶ (ಬೆಳೆಯ ಹತ್ತರಲ್ಲೊಂದು ಪಾಲಿನ ಚರ್ಚಿನ ತೆರಿಗೆ) ವಸೂಲಿ ನಿಲ್ಲಿಸು, ಹೊರಹಾಕಿದವನ ಹೊಲ ನೀನು ಹಿಡಿಯಬೇಡ. ಆ ಪತ್ರಗಳು ಸರ್ಕಾರಿ ನೋಟೀಸಿನ, ಘೋಷಣೆಯ ಧಾಟಿಯಲ್ಲೇ ಇರುತ್ತಿದ್ದವು. ಮ್ಯಾಜಿಸ್ಟ್ರೇಟರು ಅವನ್ನು ಕಿತ್ತು ಡಬ್ಲಿನ್ನಿಗೆ ಕಳಿಸುತ್ತಿದ್ದರಿಂದ, ವಿನಮ್ರ ಬಿನ್ನಹವೂ ಬೆದರಿಕೆ ಪತ್ರವೂ ಇಂದು ಒಂದೇ ಪತ್ರಾಗಾರದಲ್ಲಿವೆ. ಒಂದೇ ಊರಿನಿಂದ, ಒಂದೇ ಚಳಿಗಾಲದಲ್ಲಿ ಎರಡೂ ಬಂದಿರುವುದನ್ನು ನೋಡಿದರೆ ಬಿನ್ನಹವನ್ನು ಸುಮ್ಮನೆ ತಲೆತಗ್ಗಿಸಿದವರ ಮಾತೆಂದು ಕರೆಯಲು ಮನಸ್ಸಾಗುವುದಿಲ್ಲ. ಸೌಮ್ಯವಾಗಿ ಕೇಳುವುದನ್ನೂ ಗದರಿಸಿ ಕೇಳುವುದನ್ನೂ ಆ ಜನ ಬಲ್ಲವರಾಗಿದ್ದರು.

ಈಗ ಹಿಂಭಾಗಕ್ಕೆ ಬರೋಣ, ಅಂದರೆ ಅಧಿಕಾರಿಗಳು ಓದುತ್ತಿದ್ದರೇ ಎಂಬ ಪ್ರಶ್ನೆಗೆ. ಓದುತ್ತಿದ್ದರು, ಇದಕ್ಕೆ ಕಾಗದವೇ ಸಾಕ್ಷಿ. 1818ರಿಂದ ಮುಖ್ಯ ಕಾರ್ಯದರ್ಶಿಯ ಕಚೇರಿಯಲ್ಲಿ ಹೊಸ ಪದ್ಧತಿ ಬಂತು. ಬಂದ ಪ್ರತಿ ಟಪಾಲಿಗೂ ಒಂದು ಸಂಖ್ಯೆ, ಆವಕ ಪುಸ್ತಕದಲ್ಲಿ ನಮೂದು, ವರ್ಷವರ್ಷಕ್ಕೂ ಬೇರೆ ಸರಣಿ. ಕಾಗದವನ್ನು ಉದ್ದಕ್ಕೆ ಮಡಿಸಿ, ಹೊರಮೈಯಲ್ಲಿ ದಿನಾಂಕ, ಅರ್ಜಿದಾರರ ಹೆಸರು, ಒಂದು ಸಾಲಿನ ಸಾರಾಂಶ ಬರೆಯುತ್ತಿದ್ದರು. ಅದರ ಕೆಳಗೆ ಮೇಲಧಿಕಾರಿಯ ಷರಾ. ಬಹುತೇಕ ಷರಾಗಳು ಎರಡು ಮೂರು ಪದ ಮೀರುವುದಿಲ್ಲ: ತಲುಪಿದ್ದಕ್ಕೆ ಪತ್ರ ಬರೆಯಿರಿ, ಮ್ಯಾಜಿಸ್ಟ್ರೇಟರ ವರದಿ ತರಿಸಿ, ಇದಕ್ಕೆ ನಿಧಿಯಿಲ್ಲ, ಏನೂ ಮಾಡಲಾಗದು. ಗೇಣಿ, ಒಕ್ಕಲೆಬ್ಬಿಸುವಿಕೆ ಕುರಿತ ಅಹವಾಲುಗಳಿಗೆ ಖಾಸಗಿ ಆಸ್ತಿಯ ವಿಚಾರದಲ್ಲಿ ಸರ್ಕಾರ ಕೈಹಾಕದು ಎಂಬ ನಿಲುವು. ಬಡವರ ದೊಡ್ಡ ಸಂಕಟವೇ ಭೂಮಿಯದು, ಅದನ್ನೇ ದಫ್ತರ ಹೊರಗಿಟ್ಟಿತು. ಇದನ್ನು ಓದುವಾಗ ನನಗೆ ಈಗಲೂ ಸಿಟ್ಟು ಬರುತ್ತದೆ.

ದಯೆ ತೋರಲು ದಫ್ತರಕ್ಕೆ ಅಧಿಕಾರವಿದ್ದ ಮುಖ್ಯ ಕ್ಷೇತ್ರವೆಂದರೆ ಶಿಕ್ಷೆ. ಕ್ಷಮಾದಾನದ ರಾಜಾಧಿಕಾರ ಐರ್ಲೆಂಡಿನಲ್ಲಿ ಲಾರ್ಡ್ ಲೆಫ್ಟಿನೆಂಟನ ಕೈಯಲ್ಲಿತ್ತು. ವರ್ಷಕ್ಕೆ ಎರಡು ಸಲ, ವಸಂತದಲ್ಲೂ ಬೇಸಿಗೆಯಲ್ಲೂ, ನ್ಯಾಯಾಧೀಶರು ಕೌಂಟಿಗಳಿಗೆ ಸುತ್ತು ಬಂದು ಅಸೈಜ್ ನ್ಯಾಯಾಲಯ ನಡೆಸುತ್ತಿದ್ದರು. ಕುರಿ ಕದ್ದರೂ ಮರಣದಂಡನೆ ವಿಧಿಸಬಹುದಾಗಿದ್ದ ಕಾಲ. ನ್ಯಾಯಾಧೀಶರ ಸುತ್ತು ಮುಗಿದ ಕೂಡಲೇ ಬಿನ್ನಹಗಳ ಮಹಾಪೂರ. ತಾಯಂದಿರು, ಹೆಂಡಂದಿರು, ಕೈದಿಗಳು ಸ್ವತಃ. ಮರಣದಂಡನೆಯನ್ನು ಗಡೀಪಾರಿಗೆ (ಹಡಗಿನಲ್ಲಿ ಆಸ್ಟ್ರೇಲಿಯಕ್ಕೆ ಸಾಗಿಸುವ ಶಿಕ್ಷೆಗೆ) ಇಳಿಸಿ, ಗಡೀಪಾರನ್ನು ಸೆರೆವಾಸಕ್ಕೆ ಇಳಿಸಿ, ಹಡಗು ಹೊರಡುವ ಮೊದಲು ಬಿಡಿಸಿ.

ಅಂಥ ಅರ್ಜಿಯ ದಾರಿ ಹೀಗೆ. ಕ್ಯಾಸಲ್ ಅದನ್ನು ಶಿಕ್ಷೆ ವಿಧಿಸಿದ ನ್ಯಾಯಾಧೀಶನಿಗೇ ಕಳಿಸಿ ಅಭಿಪ್ರಾಯ ಕೇಳುತ್ತಿತ್ತು. ಆತ ತನ್ನ ಟಿಪ್ಪಣಿ ಪುಸ್ತಕ ತೆರೆದು ಸಾಕ್ಷ್ಯದ ಸಾರಾಂಶ ಬರೆದು ಕಳಿಸುತ್ತಿದ್ದ. ಅದು ಬಂದ ಮೇಲೆ ತೀರ್ಮಾನ. ‘ಕಾನೂನು ತನ್ನ ದಾರಿ ಹಿಡಿಯಲಿ’ ಎಂದು ಷರಾ ಬಿದ್ದರೆ ಮುಗಿಯಿತು. ಈ ಒಂದು ವಾಕ್ಯ ಎಷ್ಟೋ ಕಾಗದಗಳ ಬೆನ್ನ ಮೇಲಿದೆ. ಇದಕ್ಕೆ ವಿರುದ್ಧವಾಗಿ, ಶಿಕ್ಷೆ ಇಳಿದ ಪ್ರಕರಣಗಳೂ ಕಡಿಮೆಯಿಲ್ಲ. ಇಳಿದ ಕಡೆ ಏನು ಕೆಲಸ ಮಾಡಿತು ಎಂದು ನೋಡಿದರೆ, ಅರ್ಜಿಯ ಕಣ್ಣೀರಿಗಿಂತ ಅದರ ಕೆಳಗಿನ ರುಜುಗಳು ಎದ್ದು ಕಾಣುತ್ತವೆ. ಊರಿನ ಕ್ಯಾಥೊಲಿಕ್ ಪಾದ್ರಿಯ ರುಜು ಇದ್ದರೆ ಒಳ್ಳೆಯದು, ಪ್ರಾಟೆಸ್ಟೆಂಟ್ ಪಾದ್ರಿಯದೂ ಇದ್ದರೆ ಇನ್ನೂ ಒಳ್ಳೆಯದು, ಮ್ಯಾಜಿಸ್ಟ್ರೇಟನದು ಸಿಕ್ಕರೆ ತೂಕ ಹೆಚ್ಚು. ಎಲ್ಲಕ್ಕಿಂತ ಬೆಲೆಬಾಳುವುದು ದೂರು ಕೊಟ್ಟವನದೇ ರುಜು. ತನ್ನ ಮಗನನ್ನು ಕಟಕಟೆಗೆ ಏರಿಸಿದವನ ಮನೆಗೇ ಹೋಗಿ, ಅವನಿಂದಲೇ ಶಿಫಾರಸು ಬರೆಸಿಕೊಂಡು ಬಂದ ತಾಯಿಯನ್ನು ಯೋಚಿಸಿ ನೋಡಿ. ಮೈಲಿಗಟ್ಟಲೆ ನಡೆದು, ಬಾಗಿಲಿಂದ ಬಾಗಿಲಿಗೆ ಹೋಗಿ ಕೂಡಿಸಿದ ಆ ಹೆಸರುಗಳ ಪಟ್ಟಿಯೇ ನಿಜವಾದ ಬಿನ್ನಹ ಎಂದು ನನ್ನ ಅಭಿಪ್ರಾಯ. ಮೇಲಿನ ಗದ್ಯ ಮೇಷ್ಟ್ರದಾಗಿರಬಹುದು, ಕೆಳಗಿನ ಹೆಸರುಗಳನ್ನು ತಂದವಳು ಅವಳು.

ವೆಲ್ಲೆಸ್ಲಿಯ ಕಾಲದಲ್ಲಿ ಇದು ಇನ್ನಷ್ಟು ಬಿಗಿಯಾಯಿತು. ದಂಗೆ ಅಡಗಿಸಲು 1822ರಲ್ಲಿ ದಂಗೆ ಕಾಯಿದೆಯನ್ನು ಮತ್ತೆ ಜಾರಿಗೆ ತಂದರು. ಘೋಷಿತ ಪ್ರದೇಶದಲ್ಲಿ ಸೂರ್ಯ ಮುಳುಗಿ ಹುಟ್ಟುವುದರ ನಡುವೆ ಮನೆಯ ಹೊರಗೆ ಸಿಕ್ಕಿಬಿದ್ದರೆ, ಜ್ಯೂರಿಯಿಲ್ಲದ ವಿಚಾರಣೆಯಲ್ಲಿ ಏಳು ವರ್ಷ ಗಡೀಪಾರು. ಇಂಥ ಶಿಕ್ಷೆಯಾದವರ ಪರವಾದ ಬಿನ್ನಹದಲ್ಲಿ ಹೇಳಬೇಕಾದದ್ದು ಒಂದೇ: ಆ ರಾತ್ರಿ ಅವನು ಹೊರಗಿದ್ದದ್ದು ಯಾಕೆ. ಬಾಯಿಮಾತಿನ ಅಲಂಕಾರಕ್ಕೆ ಅಲ್ಲಿ ಜಾಗವಿಲ್ಲ, ಬೇಕಾದದ್ದು ಸಾಕ್ಷಿ, ಗಂಟೆ, ದಾರಿ.

ಐರ್ಲೆಂಡಿನಿಂದ ಆಸ್ಟ್ರೇಲಿಯಕ್ಕೆ ನೇರವಾಗಿ ಕೈದಿಗಳನ್ನು ಒಯ್ದ ಮೊದಲ ಹಡಗು ‘ಕ್ವೀನ್’ 1791ರಲ್ಲಿ ಕಾರ್ಕ್‌ನಿಂದ ಹೊರಟಿತು. 1853ರ ಹೊತ್ತಿಗೆ ಹಾಗೆ ಹೋದವರು ಸುಮಾರು 40,000. ಹೋದವರ ಹಿಂದೆ ಉಳಿದ ಹೆಂಡತಿ ಮಕ್ಕಳೂ ಬರೆದರು, ತಮ್ಮನ್ನೂ ಸರ್ಕಾರದ ಖರ್ಚಿನಲ್ಲಿ ಅಲ್ಲಿಗೇ ಕಳಿಸಿಬಿಡಿ ಎಂದು. ಶಿಕ್ಷೆ ತಪ್ಪಿಸಿ ಎಂದು ಬೇಡಿದ ಮನೆಯಿಂದಲೇ, ಆ ಶಿಕ್ಷೆಯ ಊರಿಗೆ ನಮ್ಮನ್ನೂ ಒಯ್ಯಿರಿ ಎಂಬ ಎರಡನೆಯ ಅರ್ಜಿ. ನಾನು ಓದಿದ ಆಡಳಿತ ಪತ್ರಗಳಲ್ಲಿ ಇವುಗಳಷ್ಟು ಮನಸ್ಸು ಕಲಕುವ ಕಾಗದಗಳು ಬೇರೆಯಿಲ್ಲ.

ಹಸಿವಿನ ಅರ್ಜಿಗಳು ಇನ್ನೊಂದು ಬಗೆ. 1821ರ ಶರತ್ಕಾಲದ ಎಡೆಬಿಡದ ಮಳೆಗೆ ಆಲೂಗಡ್ಡೆ ನೆಲದಲ್ಲೇ ಕೊಳೆಯಿತು. 1822ರ ಬೇಸಿಗೆಗೆ ಮೇಯೋ, ಗಾಲ್ವೇ, ಕ್ಲೇರ್, ಕೆರಿ ಕಡೆ ತಿನ್ನಲು ಏನೂ ಉಳಿಯಲಿಲ್ಲ. ಆಗ ಬಂದ ಬಿನ್ನಹಗಳು ಒಬ್ಬೊಬ್ಬರವಲ್ಲ, ಇಡೀ ಪ್ಯಾರಿಷ್‌ಗಳವು. ಅವುಗಳಲ್ಲಿ ಕೇಳಿದ್ದು ದಾನಕ್ಕಿಂತ ಹೆಚ್ಚಾಗಿ ಕೂಲಿ: ರಸ್ತೆ ಹಾಕಿಸಿ, ಧಕ್ಕೆ ಕಟ್ಟಿಸಿ, ಕೆಲಸ ಕೊಟ್ಟು ದುಡ್ಡು ಕೊಡಿ, ಬಿತ್ತನೆಗೆ ಆಲೂಗಡ್ಡೆ ಕೊಡಿ. ಸರ್ಕಾರ ಪಶ್ಚಿಮಕ್ಕೆ ಅಲೆಕ್ಸಾಂಡರ್ ನಿಮ್ಮೊ, ದಕ್ಷಿಣಕ್ಕೆ ರಿಚರ್ಡ್ ಗ್ರಿಫಿತ್ ಮುಂತಾದ ಎಂಜಿನಿಯರುಗಳನ್ನು ಕಳಿಸಿತು. ಲಂಡನ್ನಿನಲ್ಲಿ ಲಂಡನ್ ಟ್ಯಾವರ್ನ್ ಎಂಬ ಜಾಗದಲ್ಲಿ ಸೇರಿದ ಸಮಿತಿಯೊಂದು 3 ಲಕ್ಷ ಪೌಂಡಿಗೂ ಹೆಚ್ಚು ಹಣ ಕೂಡಿಸಿತು. ಅಂದು ಹಾಕಿದ ರಸ್ತೆಗಳಲ್ಲಿ ಹಲವು ಇಂದಿಗೂ ಬಳಕೆಯಲ್ಲಿವೆ.

ಹಾಗಾದರೆ ಸತ್ಯಾಸತ್ಯದ ಮಾತು. ಅರ್ಜಿದಾರ ತನಗೆ ಅನುಕೂಲವಾದದ್ದನ್ನೇ ಹೇಳುತ್ತಾನೆ, ಇದರಲ್ಲಿ ಸಂಶಯವಿಲ್ಲ. ‘ಇದುವರೆಗೆ ಒಂದು ಕಪ್ಪುಚುಕ್ಕೆಯೂ ಇಲ್ಲದ ನಡತೆ’ ಎಂಬ ಮಾತನ್ನು ಹಾಗೇ ನಂಬಬೇಕಿಲ್ಲ. ಆದರೆ ಊರು, ಮಕ್ಕಳ ಸಂಖ್ಯೆ, ಹೊಲದ ಅಳತೆ, ಸೈನ್ಯದ ತುಕಡಿ, ಸೇವೆಯ ವರ್ಷ ಇವುಗಳಲ್ಲಿ ಸುಳ್ಳು ಹೇಳಿದರೆ ಅಪಾಯ. ಕ್ಯಾಸಲ್ ಮ್ಯಾಜಿಸ್ಟ್ರೇಟನನ್ನು ಕೇಳಿಯೇ ಕೇಳುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಸಣ್ಣ ವಿವರಗಳನ್ನು ನಾನು ಹೆಚ್ಚು ನಂಬುತ್ತೇನೆ, ದೊಡ್ಡ ಮಾತುಗಳನ್ನು ಕಡಿಮೆ. ಒಕ್ಕಣೆ ತಪ್ಪುವ ಜಾಗವನ್ನೂ ಗಮನಿಸಿ. ಪ್ರಥಮ ಪುರುಷದಲ್ಲಿ ಸಾಗುತ್ತಿದ್ದ ಬರಹ ಒಂದು ಕಡೆ ಹಠಾತ್ತನೆ ‘ನಾನು’, ‘ನನ್ನ’ ಎಂದು ಜಾರಿದರೆ, ಅಲ್ಲಿ ಮೇಷ್ಟ್ರ ಕೈ ಸಡಿಲವಾಗಿ ಹೇಳಿದವರ ಬಾಯಿ ಕೇಳಿಸುತ್ತಿರುತ್ತದೆ.

ಈ ಕಾಗದಗಳು ಉಳಿದದ್ದೇ ಅದೃಷ್ಟ. 1922ರ ಜೂನ್ 30ರಂದು, ಅಂತರ್ಯುದ್ಧದ ಮೊದಲ ದಿನಗಳಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆ ಭವನ ಸ್ಫೋಟಗೊಂಡು ಉರಿದುಹೋಯಿತು. 1821ರಿಂದ 1851ರ ವರೆಗಿನ ಜನಗಣತಿಯ ಮನೆವಾರು ಪಟ್ಟಿಗಳು ಬಹುಮಟ್ಟಿಗೆ ಬೂದಿಯಾದವು, 1836ಕ್ಕೆ ಹಿಂದಿನ ಗಡೀಪಾರಿನ ದಾಖಲೆ ಪುಸ್ತಕಗಳೂ ಹೋದವು. ಮುಖ್ಯ ಕಾರ್ಯದರ್ಶಿಯ ಕಚೇರಿಯ ಕಡತಗಳು ಮಾತ್ರ ಡಬ್ಲಿನ್ ಕ್ಯಾಸಲ್‌ನ ಹಳೆಯ ಗೋಪುರದಲ್ಲೇ ಇದ್ದದ್ದರಿಂದ ಬದುಕಿದವು. ಇದರ ಪರಿಣಾಮವೇನೆಂದರೆ, 1836ಕ್ಕೆ ಮೊದಲು ಗಡೀಪಾರಾದ ಎಷ್ಟೋ ಕೈದಿಗಳ ಬಗ್ಗೆ ಐರ್ಲೆಂಡಿನಲ್ಲಿ ಉಳಿದಿರುವುದು ಅವರ ಬಿನ್ನಹ ಒಂದೇ. ಅರ್ಜಿ ಹಾಕದೆ ಹಡಗು ಹತ್ತಿದವರ ಹೆಸರು ಅಲ್ಲಿ ಸಿಗದೆ ಹೋಗಬಹುದು. 1988ರಲ್ಲಿ, ಆಸ್ಟ್ರೇಲಿಯದಲ್ಲಿ ಯುರೋಪಿಯನ್ನರ ನೆಲೆಗೆ ಇನ್ನೂರು ವರ್ಷ ತುಂಬಿದಾಗ, ಐರಿಷ್ ಸರ್ಕಾರ ಈ ಗಡೀಪಾರು ಕಾಗದಗಳ ಮೈಕ್ರೋಫಿಲ್ಮ್ ಪ್ರತಿಗಳನ್ನು ಆ ದೇಶಕ್ಕೆ ಉಡುಗೊರೆ ಕೊಟ್ಟಿತು.

ನೀವು ಸೂಚಿಯಲ್ಲಿ ಹುಡುಕುತ್ತಿದ್ದೀರಿ ಎಂದಿದ್ದೀರಿ, ಆದ್ದರಿಂದ ಒಂದೆರಡು ಉಪಾಯ. ಹೆಸರಿನ ಕಾಗುಣಿತವನ್ನು ನೆಚ್ಚಬೇಡಿ. ಐರಿಷ್ ಹೆಸರನ್ನು ಕೇಳಿದವನು ಕೇಳಿದಂತೆ ಇಂಗ್ಲಿಷಿನಲ್ಲಿ ಬರೆದಿದ್ದಾನೆ. ಓ’ಸಲಿವನ್ ಬರೀ ಸಲಿವನ್ ಆಗಿರುತ್ತಾನೆ, ಒಂದೇ ಅರ್ಜಿಯಲ್ಲಿ ಎರಡು ರೂಪವೂ ಇರಬಹುದು. ಊರು, ಕೌಂಟಿ, ವರ್ಷದಿಂದ ಹುಡುಕಿದರೆ ಬೇಗ ಸಿಗುತ್ತದೆ. ಎರಡನೆಯದು, ಕಚೇರಿಯ ಒಂದು ರೂಢಿ. ಹೊಸ ಕಾಗದ ಬಂದಾಗ ಅದೇ ವಿಷಯದ ಹಳೆಯ ಕಾಗದಗಳನ್ನು ಎಳೆದು ತಂದು ಹೊಸದರ ಜೊತೆ ಕಟ್ಟಿಡುತ್ತಿದ್ದರು. ಆದ್ದರಿಂದ 1822ರಲ್ಲಿ ಬರೆದ ಅರ್ಜಿ 1822ರ ಕಟ್ಟಿನಲ್ಲಿ ಸಿಗದಿದ್ದರೆ ಕಳೆದುಹೋಯಿತೆಂದು ಬಿಡಬೇಡಿ. ಆವಕ ಪುಸ್ತಕಗಳಲ್ಲಿ ಮುಂದಿನ ಸಂಖ್ಯೆಯ ಉಲ್ಲೇಖವಿದೆಯೇ ನೋಡಿ, ಅದರ ಬೆನ್ನು ಹಿಡಿದು 1823, 1824ರ ಕಟ್ಟುಗಳನ್ನೂ ತೆಗೆಸಿ. ಪ್ರತಿ ಕೇಳುವಾಗ ಹಿಂಬದಿಯ ಚಿತ್ರವನ್ನೂ ಮರೆಯದೆ ಕೇಳಿ.